ಮಿಟುಕುವ ದೀಪ

ಅಡಿಕೆ ತೋಟಿಗರ ಮನೆಗೆ ಮೊದಲ ಸಲ ಹೋಗುವ ಬಯಲುಸೀಮೆಯ ನೆಂಟರು ಒಂದು ಸಂಗತಿಯನ್ನು ಕಂಡು ಸೋಜಿಗಪಡುವುದುಂಟು. ಅಲ್ಲಿ ಮನೆ ಎತ್ತರದಲ್ಲಿರುವುದಿಲ್ಲ, ತಗ್ಗಿನಲ್ಲಿರುತ್ತದೆ. ಅಡಿಕೆಗೆ ನೀರು ಬೇಕು, ನೆರಳು ಬೇಕು, ಗಾಳಿಯ ಹೊಡೆತ ತಗಲಬಾರದು. ಆದ್ದರಿಂದ ಅದು ಎರಡು ಬೆಟ್ಟಗಳ ನಡುವಿನ ಕಣಿವೆಯನ್ನೇ ಹುಡುಕಿಕೊಂಡು ಕುಳಿತಿದೆ. ತೋಟದ ಬಳಿಯಲ್ಲಿಯೇ ಮನೆ, ಮನೆಯ ಬಳಿಯಲ್ಲಿಯೇ ಕೊಟ್ಟಿಗೆ, ಅವೆರಡಕ್ಕೂ ಮೇಲೆ ಸೊಪ್ಪಿನ ಬೆಟ್ಟ. ರಸ್ತೆಯೆಂಬುದು ಬಂದದ್ದು ಇವೆಲ್ಲ ಆಗಿ ಎಷ್ಟೋ ತಲೆಮಾರುಗಳ ಮೇಲೆ. ಅದು ಬೆಟ್ಟದ ನೆತ್ತಿಯ ಮೇಲೆಯೇ ಹಾದುಹೋಯಿತು. ಹೀಗಾಗಿ ಆ ಸೀಮೆಯಲ್ಲಿ ಮನೆಗೆ ಬರುವುದೆಂದರೆ ಇಳಿಯುವುದು, ಊರಿಗೆ ಹೋಗುವುದೆಂದರೆ ಏರುವುದು. ಇಳಿಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಏರುವ ಮಾತು ಬೇರೆ.

ಶಿರಸಿಯಿಂದ ಯಲ್ಲಾಪುರದ ದಿಕ್ಕಿಗೆ ಹೊರಟರೆ ಭೈರುಂಬೆ ಸಿಗುತ್ತದೆ. ಶಾಲ್ಮಲೆಯ ಹೊಳೆಯೂ, ಅದರ ಬಂಡೆಗಳ ಮೇಲೆ ಕೊರೆದಿರುವ ಸಹಸ್ರಲಿಂಗವೂ ಅಲ್ಲಿಂದ ದೂರವಲ್ಲ. ಈ ಊರಿನ ಆಸುಪಾಸಿನಲ್ಲಿ, ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರಿನಷ್ಟು ಕೆಳಗೆ, ಕಣಿವೆಯೊಂದರ ತಳದಲ್ಲಿ ಹೆಗಡೆಯವರೊಬ್ಬರ ಮನೆಯಿದೆ. ಹೆಸರೇಕೆ? ಆ ಸೀಮೆಯಲ್ಲಿ ಬರಿಯ ಹೆಗಡೆ ಎಂದರೆ ಯಾರೂ ಅಲ್ಲ, ಎಲ್ಲರೂ ಹೌದು. ವರ್ಷಕ್ಕೆ ನೂರು ಅಂಗುಲದ ಆಸುಪಾಸು ಮಳೆ ಬೀಳುವ ನಾಡು. ಬೇಸಗೆಯಲ್ಲಿ ಆ ಒಂದೂವರೆ ಕಿಲೋಮೀಟರು ಕೆಂಪು ಧೂಳಿನ ದಾರಿ. ಯಾವ ಕಾರಾದರೂ ಬಂದೀತು. ಮೃಗಶಿರಾ ಮಳೆ ಹಿಡಿದು ಎಂಟು ದಿನಗಳಾದರೆ ಅದೇ ದಾರಿ ಬೆಣ್ಣೆ ಸವರಿದ ಹಲಗೆಯಾಗುತ್ತದೆ. ನಡುವೆ ಒಂದು ಕಡೆ, ಹಳೆಯ ಹೊನ್ನೆಮರದ ತಿರುವಿನಲ್ಲಿ, ಮಳೆನೀರು ದಾರಿಯನ್ನು ಅಡ್ಡಲಾಗಿ ಕೊರೆದು ಏರನ್ನು ಇನ್ನಷ್ಟು ಕಡಿದಾಗಿಸಿದೆ. ಹಿಂದಿನ ಎರಡೇ ಚಕ್ರಗಳನ್ನು ತಿರುಗಿಸುವ ವಾಹನ ಅಲ್ಲಿ ನಿಂತು ಅಳುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ.

ಹೆಗಡೆಯವರ ತಂದೆಯ ಕಾಲದಲ್ಲಿ ಆ ಮನೆಯಲ್ಲಿ ಜೀಪಿತ್ತು. ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ ಮಲೆನಾಡಿನ ತೋಟಿಗರಿಗೆ ಅದು ಕುಲವಾಹನವೇ ಆಗಿಹೋಯಿತು. ಅಡಿಕೆಯ ಮೂಟೆ ತುಂಬಿಕೊಂಡು ಶಿರಸಿಗೆ ಹೋಗುವುದಕ್ಕೆ, 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಸಂಘದ ಅಂಗಳದಲ್ಲಿ ಇಳಿಸುವುದಕ್ಕೆ, ಮದುವೆಯ ದಿಬ್ಬಣಕ್ಕೆ, ರೋಗಿಯನ್ನು ಒಯ್ಯುವುದಕ್ಕೆ, ಎಲ್ಲಕ್ಕೂ ಜೀಪೇ. ಅಂಥ ಕೆಲವು ಜೀಪುಗಳಲ್ಲಿ ಮುಂದಿನ ಚಕ್ರಗಳ ನಡುವಣ ಗುಬ್ಬಿಯಲ್ಲಿ ಒಂದು ಬಿಲ್ಲೆ ಇರುತ್ತಿತ್ತು. ಏರು ಬಂದಾಗ ವಾಹನ ನಿಲ್ಲಿಸಿ, ಕಂಬಳಿಕೊಪ್ಪೆ ಹಾಕಿಕೊಂಡು ಕೆಸರಿಗಿಳಿದು, ಆ ಬಿಲ್ಲೆಯನ್ನು ಕೈಯಿಂದಲೇ ತಿರುಗಿಸಬೇಕು. ಆಮೇಲೆ ಒಳಗೆ ಬಂದು ಸನ್ನೆಗೋಲು ಎಳೆಯಬೇಕು. ಆಗ ಮುಂದಿನ ಚಕ್ರಗಳೂ ದುಡಿಯತೊಡಗುತ್ತಿದ್ದವು. ಮುದುಕರು ಇದನ್ನು ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದರು. ಮೈ ನೆನೆಯಿತೆಂದು ಬೈಯುತ್ತಲೂ ಇದ್ದರು. ಆದರೆ ಚಕ್ರ ಕೂಡಿಕೊಂಡಿತೋ ಇಲ್ಲವೋ ಎಂಬ ಸಂಶಯ ಅವರಿಗೆ ಒಂದು ದಿನವೂ ಬಂದದ್ದಿಲ್ಲ. ಕೂಡಿಸಿದ ಕೈ ಅವರದೇ ಆಗಿತ್ತಲ್ಲ!

ಮಗನಿಗೆ ಆ ಶ್ರಮ ಬೇಡವಾಯಿತು. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಅವರು ಜೀಪನ್ನು ಮಾರಿ, ಬೆಂಗಳೂರಿನ ವೈದ್ಯರೊಬ್ಬರು ಓಡಿಸಿ ಬಿಟ್ಟಿದ್ದ ಮಿತ್ಸುಬಿಶಿ ಪಜೇರೊ ಒಂದನ್ನು ಕೊಂಡು ತಂದರು. ಜಪಾನಿನಲ್ಲಿ 1982ರಲ್ಲಿ ಹುಟ್ಟಿದ ವಾಹನವಿದು. ದಕ್ಷಿಣ ಅಮೆರಿಕದ ಹುಲ್ಲುಗಾವಲಿನ ಒಂದು ಕಾಡುಬೆಕ್ಕಿನ ಹೆಸರು ಅದಕ್ಕೆ. ನಮ್ಮ ದೇಶಕ್ಕೆ ಅದು ಬಿಡಿಬಿಡಿಯಾಗಿ ಹಡಗೇರಿ ಬಂದು, 2002ರಿಂದ ತಮಿಳುನಾಡಿನ ತಿರುವಳ್ಳೂರಿನಲ್ಲಿ ಜೋಡಣೆಯಾಗಿ ಮಾರಾಟಕ್ಕೆ ದೊರೆಯುತ್ತಿತ್ತು. ಈಗ ಆ ವ್ಯಾಪಾರವೂ ಇಲ್ಲ. 2021ರಲ್ಲಿ ಜಪಾನಿನಲ್ಲಿಯೇ ಪಜೇರೊ ತಯಾರಿಕೆ ನಿಂತುಹೋಯಿತು. ಅಂದರೆ ಹೆಗಡೆಯವರ ಅಂಗಳದಲ್ಲಿ ನಿಂತಿರುವುದು ತವರಿನಲ್ಲಿ ಒಲೆ ಆರಿಹೋದ ಸೊಸೆಯಂಥ ವಾಹನ. ಏನಾದರೂ ಕೆಟ್ಟರೆ ಕೇಳುವವರು ಕಡಮೆ.

ಅದರಲ್ಲಿ ಕೆಸರಿಗಿಳಿಯುವ ಪ್ರಮೇಯವಿಲ್ಲ. ಕುಳಿತಲ್ಲಿಂದಲೇ ಒಂದು ಸನ್ನೆಗೋಲನ್ನು ಸರಿಸಿದರೆ ಆಯಿತು. ಸ್ಟಿಯರಿಂಗಿನ ಮುಂದಿನ ಫಲಕದಲ್ಲಿ ವಾಹನದ ಪುಟ್ಟ ಚಿತ್ರ, ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಚಕ್ರಗಳಿಗೆ ನಾಲ್ಕು ಹಸಿರು ದೀಪ. ಮುಂದಿನ ಚಕ್ರಗಳು ಕೂಡಿಕೊಳ್ಳುವ ತನಕ ಮುಂದಿನ ಎರಡು ದೀಪಗಳು ಮಿಟುಕುತ್ತಿರುತ್ತವೆ. ಕೂಡಿಕೊಂಡ ಮೇಲೆ ಸ್ಥಿರವಾಗಿ ಬೆಳಗುತ್ತವೆ. ಹೆಗಡೆಯವರಿಗೆ ಈ ದೀಪಗಳ ಮೇಲೆ ವಿಶೇಷ ಪ್ರೀತಿ. ಬಂದ ನೆಂಟರನ್ನೆಲ್ಲ ಕೂಡಿಸಿಕೊಂಡು ಅವರು ಅದನ್ನು ಹೊತ್ತಿಸಿ ತೋರಿಸುತ್ತಿದ್ದರು.

ಅವರ ಮಗಳು ಬೆಂಗಳೂರಿನಲ್ಲಿದ್ದಳು. ಚೊಚ್ಚಲ ಬಸಿರು. ಹೆರಿಗೆ ಪುಷ್ಯ ಮಳೆಯ ಹೊತ್ತಿಗೆ, ಅಂದರೆ ಆಷಾಢದ ಜಡಿಮಳೆಯಲ್ಲಿ. ಅಂಥ ದಿನಗಳಲ್ಲಿ ಕಣಿವೆಯ ಮನೆಗೆ ಹೋಗುವುದು ಬೇಡ, ಬೆಂಗಳೂರಿನಲ್ಲಿಯೇ ಆಗಲಿ ಎಂದು ಅಳಿಯನ ಮನೆಯವರು ಹೇಳಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಗಳಿಗೆ ಮಾತ್ರ ತಾಯಿಯ ಬಳಿ ಇರುವ ಆಸೆ. ಚೈತ್ರದಲ್ಲಿ ಒಂದು ದಿನ ಫೋನು ಮಾಡಿ ಅವಳು ತಂದೆಯನ್ನೇ ಕೇಳಿದಳು. ಹೆಗಡೆಯವರ ಉತ್ತರ ಎರಡು ಮಾತಿನಲ್ಲಿ ಮುಗಿಯಿತು.

"ಗಾಡಿ ಇದ್ದು. ಬಾ."

ಆ ಸೀಮೆಯ ಮಾತಿನಲ್ಲಿ 'ಇದ್ದು' ಎಂದರೆ 'ಇದೆ' ಎಂದರ್ಥ. ಮಗಳು ಬಂದಳು.

ಮೃಗಶಿರಾ ಮಳೆಯ ಮೊದಲ ವಾರದಲ್ಲಿಯೇ ದೀಪ ಮಿಟುಕಿತು. ಹೆಗಡೆಯವರು ಸೊಸೈಟಿಯಿಂದ ಮೈಲುತುತ್ತು ಮತ್ತು ಸುಣ್ಣ ತರಲು ಹೊರಟಿದ್ದರು. ಕೊಳೆರೋಗ ಬರುವ ಮುನ್ನ ತೋಟಕ್ಕೆ ಬೋರ್ಡೋ ಹೊಡೆಸಬೇಕು, ಕೊನೆಗೌಡ ಸಿಕ್ಕಿದ ದಿನ ಔಷಧಿ ಇಲ್ಲವೆಂದರೆ ಆಮೇಲೆ ಅವನು ಸಿಕ್ಕುವುದಿಲ್ಲ. ಏರಿನ ಬುಡದಲ್ಲಿ ಎಂದಿನಂತೆ ಸನ್ನೆಗೋಲು ಸರಿಸಿದರು. ಮುಂದಿನ ಎರಡು ದೀಪಗಳು ಮಿಟುಕಿದವು, ಮಿಟುಕುತ್ತಲೇ ಇದ್ದವು. ಹೊನ್ನೆಮರದ ತಿರುವಿನಲ್ಲಿ ಹಿಂದಿನ ಚಕ್ರಗಳು ಕೆಸರನ್ನು ಮರದೆತ್ತರಕ್ಕೆ ಹಾರಿಸಿ, ಎರಡು ಟನ್ನಿನ ವಾಹನ ಮೆಲ್ಲನೆ ಪಕ್ಕಕ್ಕೆ ಜಾರಿ, ಧರೆಗೆ ಒರಗಿ ನಿಂತಿತು. ಅದನ್ನು ಹಿಂದಕ್ಕೆ ಇಳಿಸಿ ಮನೆಗೆ ತರುವಷ್ಟರಲ್ಲಿ ಮಧ್ಯಾಹ್ನವಾಯಿತು. ಊಟಕ್ಕೆ ಕುಳಿತಾಗ ಅವರು ಅಪ್ಪೆಹುಳಿಯನ್ನು ಎರಡನೆಯ ಸಲ ಕೇಳಲಿಲ್ಲವೆಂಬುದನ್ನು ಮನೆಯಾಕೆ ಗಮನಿಸಿದರು.

ದೊಡ್ಡ ನಗರವೊಂದರ ದೊಡ್ಡ ವರ್ಕ್‌ಷಾಪಿಗೆ ಫೋನು ಹೋಯಿತು. ಫೋನೆಂದರೆ ಬೆಟ್ಟದ ನೆತ್ತಿಗೆ ಹತ್ತಿ, ಒಂದು ನಿರ್ದಿಷ್ಟ ಬಂಡೆಯ ಮೇಲೆ ನಿಂತು, ಕೊಡೆಯ ಕೆಳಗೆ ಕೂಗುವ ಕೆಲಸ. ಅಲ್ಲಿಯ ಮಹಾಶಯರು ವಾಹನವನ್ನು ನೋಡದೆಯೇ ಮುಂದಿನ ಆಕ್ಸಲಿನ ಜೋಡಣೆಯನ್ನು ಇಡಿಯಾಗಿ ಬದಲಿಸಬೇಕಾದೀತು ಎಂದರು. ವಾಹನವನ್ನು ಲಾರಿಯಲ್ಲಿ ಹೇರಿ ಕಳುಹಿಸಬೇಕು. ಸಾಮಾನು ಹೊರದೇಶದಿಂದ ಬರಬೇಕು. ಎರಡು ತಿಂಗಳು ಹಿಡಿದೀತು. ಖರ್ಚು ಲಕ್ಷ ದಾಟೀತು. ಹೆಗಡೆಯವರು ಬಂಡೆಯಿಂದ ಇಳಿದು ಬಂದಾಗ ಅವರ ಕಾಲಿನಲ್ಲಿ ನಾಲ್ಕು ಉಂಬಳಗಳಿದ್ದವು. ಅವನ್ನು ಕಿತ್ತು ಹಾಕುವ ಉತ್ಸಾಹವೂ ಅವರಿಗಿರಲಿಲ್ಲ.

ಆ ರಾತ್ರಿ ಜಗುಲಿಯಲ್ಲಿ ಮಾತಾಯಿತು. ಶಿರಸಿಯಲ್ಲಿ ಮನೆಯಾಕೆಯ ತಂಗಿಯ ಮನೆಯಿದೆ. ಆಸ್ಪತ್ರೆ ಅಲ್ಲಿಂದ ಆಟೋದ ದಾರಿ. ಮಗಳನ್ನು ಈಗಲೇ ಅಲ್ಲಿಗೆ ಕಳುಹಿಸಿಬಿಡೋಣ ಎಂಬುದು ತಾಯಿಯ ಅಭಿಪ್ರಾಯ. ವಿವೇಕದ ಮಾತೇ. ಆದರೆ ಬಾಣಂತಿಯ ಕೋಣೆಯನ್ನು ಸಾರಿಸಿ ಸಜ್ಜು ಮಾಡಿದ್ದಾಗಿತ್ತು. ತೊಟ್ಟಿಲು ಅಟ್ಟದಿಂದ ಇಳಿದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಚೈತ್ರದಲ್ಲಿ ಆಡಿದ ಎರಡು ಮಾತುಗಳು ಹೆಗಡೆಯವರ ಗಂಟಲಿನಲ್ಲಿ ಅಡಿಕೆಯ ಚೂರಿನಂತೆ ಸಿಕ್ಕಿಕೊಂಡಿದ್ದವು. ಅವರು ಕವಳದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು, ಎಲೆಗೆ ಸುಣ್ಣ ಹಚ್ಚಿದರು, ಬಾಯಿಗೆ ಹಾಕಿಕೊಳ್ಳದೆ ಕೆಳಗಿಟ್ಟರು. ಕೊನೆಗೆ, ಪುನರ್ವಸು ಮಳೆ ಹುಟ್ಟುವುದರೊಳಗೆ ಸರಿಯಾಗದಿದ್ದರೆ ತಾವೇ ಅವಳನ್ನು ಕಂಬಳಿ ಕಟ್ಟಿದ ಕುರ್ಚಿಯಲ್ಲಿ ಹೊರಿಸಿಕೊಂಡು ಹೋಗಿ ಶಿರಸಿಗೆ ಬಿಟ್ಟುಬರುವುದಾಗಿ ಒಪ್ಪಿದರು. ಅವರಂಥವರ ಬಾಯಿಂದ ಅಷ್ಟು ಹೊರಟದ್ದೇ ದೊಡ್ಡದು.

ಮರುದಿನ ಶಿರಸಿಯಿಂದ ಮೇಸ್ತ್ರಿಯೊಬ್ಬ ಮೋಟರ್ ಸೈಕಲನ್ನು ಮೇಲೆ ರಸ್ತೆಯಲ್ಲಿಯೇ ಬಿಟ್ಟು ನಡೆದು ಬಂದ. ಜೀಪುಗಳ ಕೆಳಗೆ ಮಲಗಿಯೇ ಕೂದಲು ನರೆಸಿಕೊಂಡ ಮನುಷ್ಯ. "ಆಸರಿಗೆ ಎಂತ ಬೇಕು?" ಎಂದು ಮನೆಯಾಕೆ ಕೇಳಿದ್ದಕ್ಕೆ ಕಷಾಯ ಕುಡಿದು, ಆಮೇಲೆ ಅರ್ಧ ಗಂಟೆಯ ಕಾಲ ಯಾವ ಸಲಕರಣೆಯನ್ನೂ ಮುಟ್ಟದೆ ಬಾನೆಟ್ಟಿನ ಒಳಗೆ ಸುಮ್ಮನೆ ನೋಡಿದ. ಬಂದ ಕೂಡಲೆ ಪಾನ ಹಿಡಿಯುವ ಮೇಸ್ತ್ರಿಗಿಂತ ಇಂಥವನ ಮೇಲೆ ಭರವಸೆ ಹೆಚ್ಚು.

"ಹೆಗಡೇರೇ, ಇದರಲ್ಲಿ ಮುಂದಿನ ಚಕ್ರ ಕೂಡಿಸೋದು ಕೈಯೂ ಅಲ್ಲ, ಕರೆಂಟೂ ಅಲ್ಲ. ಗಾಳಿ ಇಲ್ಲದ್ದು ಕೂಡಿಸ್ತದೆ," ಎಂದ.

ಗಾಳಿ ಇಲ್ಲದ್ದು! ಶೂನ್ಯವೆಂದೊಡನೆ ಕನ್ನಡಿಗರಿಗೆ ಅಲ್ಲಮಪ್ರಭುವೂ ಶೂನ್ಯಸಂಪಾದನೆಯೂ ನೆನಪಾಗುವುದು ಸಹಜ. ಯಂತ್ರದ ಶೂನ್ಯ ಅಷ್ಟು ಎತ್ತರದ್ದಲ್ಲ. ಮುಚ್ಚಿದ ಪಾತ್ರೆಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆದುಬಿಟ್ಟರೆ ಉಳಿಯುವುದೇ ಅದು. 17ನೆಯ ಶತಮಾನದಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್ ನಗರದ ಆಟೋ ಫಾನ್ ಗೆರಿಕೆ ಎಂಬಾತ ಎರಡು ಲೋಹದ ಅರೆಗೋಳಗಳನ್ನು ಬಾಯಿಗೆ ಬಾಯಿ ಹೊಂದಿಸಿ, ಒಳಗಿನ ಗಾಳಿಯನ್ನು ತೆಗೆದು, ಎರಡು ಕಡೆಗೂ ಕುದುರೆಗಳ ತಂಡ ಕಟ್ಟಿ ಎಳೆಸಿ ತೋರಿಸಿದ; ಅವು ಬಿಡಿಸಿಕೊಳ್ಳಲಿಲ್ಲ. ಅಲ್ಲಿ ಹಿಡಿದಿದ್ದದ್ದು ಶೂನ್ಯವಲ್ಲ, ಹೊರಗಿನಿಂದ ಒತ್ತುವ ಗಾಳಿ. ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಮಿನ ಒತ್ತಡ ಎಲ್ಲರ ಮೇಲೂ, ಎಲ್ಲದರ ಮೇಲೂ ಯಾವಾಗಲೂ ಇದೆ. ಎರಡು ಕಡೆಯೂ ಸಮವಾಗಿರುವುದರಿಂದ ಯಾರಿಗೂ ತಿಳಿಯದು. ಒಂದು ಕಡೆ ತೆರವಾದಾಗಲೇ ಅದರ ಬಲ ಗೊತ್ತಾಗುವುದು.

ಪಜೇರೊದ ಮುಂದಿನ ಆಕ್ಸಲಿನ ಬಳಿ ಅಂಗೈಯಗಲದ ಒಂದು ಡಬ್ಬಿಯಿದೆ. ನಡುವೆ ರಬ್ಬರಿನ ಪೊರೆ. ಪೊರೆಯ ಒಂದು ಕಡೆಯ ಗಾಳಿಯನ್ನು ಎಳೆದರೆ ಅದು ಆ ಕಡೆಗೆ ಸರಿಯುತ್ತದೆ. ಅದಕ್ಕೆ ಕಟ್ಟಿದ ಸರಳು ಒಂದು ಹಲ್ಲಿನ ಬಳೆಯನ್ನು ಸರಿಸಿ, ಎರಡು ತುಂಡಾಗಿರುವ ಆಕ್ಸಲನ್ನು ಒಂದಾಗಿಸುತ್ತದೆ. ಇನ್ನೊಂದು ಕಡೆಯ ಗಾಳಿಯನ್ನು ಎಳೆದರೆ ಆಕ್ಸಲ್ ಮತ್ತೆ ಎರಡಾಗುತ್ತದೆ. ಪೆಟ್ರೋಲ್ ಎಂಜಿನ್ನು ಉಸಿರೆಳೆಯುವಾಗ ತಾನಾಗಿಯೇ ಇಂಥ ತೆರವು ಹುಟ್ಟುತ್ತದೆ. ಡೀಸೆಲ್ ಎಂಜಿನ್ನಿಗೆ ಅದಿಲ್ಲವಾದ್ದರಿಂದ ಬೇರೆಯೇ ಒಂದು ಪಂಪು ಇಟ್ಟಿರುತ್ತಾರೆ. ಈ ಪಂಪಿನಿಂದ ಬಂದ ಕೊಳವೆಯನ್ನು ಯಾವಾಗ ಯಾವ ಕಡೆಗೆ ತೆರೆಯಬೇಕೆಂದು ನೋಡಿಕೊಳ್ಳುವುದಕ್ಕೆ ಎರಡು ಪುಟ್ಟ ದ್ವಾರಪಾಲಕರು. ಅವರ ಹೆಸರು ಸೊಲೆನಾಯ್ಡ್. ಒಳಗೆ ತಾಮ್ರದ ತಂತಿಯ ಸುರುಳಿ, ಸುರುಳಿಯ ನಡುವೆ ಕಬ್ಬಿಣದ ಕಡ್ಡಿ. ವಿದ್ಯುತ್ತು ಹರಿದಾಗ ಸುರುಳಿ ಅಯಸ್ಕಾಂತವಾಗಿ ಕಡ್ಡಿಯನ್ನು ಸೆಳೆದು ದಾರಿ ಬದಲಿಸುತ್ತದೆ. ನಿಂತಾಗ ಸ್ಪ್ರಿಂಗು ಅದನ್ನು ಹಿಂದಕ್ಕೆ ದೂಡುತ್ತದೆ. ತೋಟದಲ್ಲಿ ಗುದ್ದಲಿ ಹಿಡಿದು ನಿಂತು, ನೀರನ್ನು ಈ ಸಾಲಿಗೆ ಬಿಟ್ಟು ಆ ಸಾಲಿಗೆ ತಡೆಯುವ ಆಳಿನ ಕೆಲಸಕ್ಕಿಂತ ಅದರ ಕೆಲಸ ಬೇರೆಯಲ್ಲ. ಆಳು ಮಲಗಿಬಿಟ್ಟರೆ ಕೆರೆ ತುಂಬಿದ್ದರೇನು, ತೋಟ ಒಣಗುತ್ತದೆ.

ಮೇಸ್ತ್ರಿ ಹುಡುಕಿದ ರೀತಿ ಹೇಳತಕ್ಕದ್ದು. ಯಾರಾದರೂ ವಾಹನದೊಳಗೆ ಕುಳಿತು ಸನ್ನೆಗೋಲು ಸರಿಸುತ್ತ ದೀಪ ನೋಡಿ ಹೇಳಬೇಕಾಗಿತ್ತು. ಹೆಗಡೆಯವರು ಬಾನೆಟ್ಟಿನ ಬಳಿ ಕೊಡೆ ಹಿಡಿದು ನಿಂತಿದ್ದರು. ಮಗಳು ಮೆಲ್ಲನೆ ಜಗುಲಿಯಿಂದಿಳಿದು ಬಂದು, ಆಸನವನ್ನು ಹಿಂದಕ್ಕೆ ತಳ್ಳಿ, ಹೊಟ್ಟೆಗೂ ಸ್ಟಿಯರಿಂಗಿಗೂ ನಡುವೆ ಅಂತರ ಮಾಡಿಕೊಂಡು ಕುಳಿತೇಬಿಟ್ಟಳು.

"ಕೂಸೇ, ಇಳಿ ಕೆಳಗೆ! ಈ ಹೊತ್ತಿನಲ್ಲಿ ನಿಂಗೆ ಅದೆಲ್ಲ ಎಂತಕ್ಕೆ?" ಎಂದು ಒಳಗಿನಿಂದ ತಾಯಿ ಕೂಗಿದರು.

"ಕುಳಿತುಕೊಂಡು ದೀಪ ನೋಡುವುದಷ್ಟೇ ಆಯಿ," ಎಂದಳು ಮಗಳು. ಇಳಿಯಲಿಲ್ಲ.

ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದು ಸೊಲೆನಾಯ್ಡಿನ ಮೇಲಿಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡ. ವೈದ್ಯರು ಎದೆ ನೋಡುವ ಹಾಗೆ. ಮಗಳು ಸನ್ನೆಗೋಲು ಸರಿಸಿದಳು. 'ಟಕ್' ಎಂದಿತು. ಎರಡನೆಯದರ ಮೇಲಿಟ್ಟ. ಮೌನ. ಹತ್ತು ಸಲ ಮಾಡಿದರೂ ಮೌನವೇ. ಅಲ್ಲಿಗೆ ತೀರ್ಮಾನಿಸಿಬಿಡಬಹುದಿತ್ತು, ಆತ ತೀರ್ಮಾನಿಸಲಿಲ್ಲ. ಎರಡು ತಂತಿ ಕಟ್ಟಿದ ಬಲ್ಬನ್ನು ಮೂಕನ ಪ್ಲಗ್ಗಿಗೆ ಹಿಡಿದ, ಬಲ್ಬು ಹೊತ್ತಿತು. ಅಂದರೆ ಅಪ್ಪಣೆ ಬರುತ್ತಿದೆ, ಕೇಳುವವನಿಗೆ ಕಿವಿ ಇಲ್ಲ. ಎರಡರ ಪ್ಲಗ್ಗುಗಳನ್ನೂ ಅದಲುಬದಲು ಮಾಡಿದ. ಮಾತಾಡುತ್ತಿದ್ದದ್ದು ಮಾತಾಡಿತು, ಮೂಕ ಮೂಕನಾಗಿಯೇ ಉಳಿಯಿತು. ಮೀಟರು ಹಚ್ಚಿದ, ನೆಟ್ಟಗಿದ್ದದ್ದು ಕೆಲವು ಹತ್ತು ಓಮುಗಳನ್ನು ತೋರಿಸಿತು, ಮೂಕನಲ್ಲಿ ಮುಳ್ಳು ಮಿಸುಕಲಿಲ್ಲ. ಸುರುಳಿ ಎಲ್ಲಿಯೋ ಒಳಗೆ ಕಡಿದುಹೋಗಿದೆ.

ಇನ್ನು ಕೊಳವೆಗಳ ಸರದಿ. ಅದಕ್ಕೆ ಬೇಕಾದ ಸಲಕರಣೆ ಆತನಲ್ಲಿರಲಿಲ್ಲ. ಹೆಗಡೆಯವರು ಕೊಟ್ಟಿಗೆಯಿಂದ ದನಗಳಿಗೆ ಔಷಧಿ ಕುಡಿಸುವ ದೊಡ್ಡ ಸಿರಿಂಜನ್ನು ತಂದುಕೊಟ್ಟರು. ಕೊಳವೆಯ ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ, ಇನ್ನೊಂದಕ್ಕೆ ಸಿರಿಂಜು ಹಚ್ಚಿ ಹಿಡಿಯನ್ನು ಎಳೆದು ಬಿಟ್ಟರೆ, ಕೊಳವೆ ಗಟ್ಟಿಯಿದ್ದಲ್ಲಿ ಹಿಡಿ ಪಟ್ಟನೆ ಹಿಂದಕ್ಕೆ ಓಡುತ್ತದೆ. ಬಿರುಕಿದ್ದರೆ ಅಲ್ಲಿಯೇ ನಿಲ್ಲುತ್ತದೆ. ಎಲ್ಲ ಕೊಳವೆಗಳಲ್ಲಿಯೂ ಹಿಡಿ ಓಡಿತು. ಕೊನೆಯ ಪರೀಕ್ಷೆಗೆ ಆತ ಸೊಲೆನಾಯ್ಡುಗಳನ್ನೇ ಬಿಟ್ಟು, ಪಂಪಿನಿಂದ ಬಂದ ಕೊಳವೆಯನ್ನು ನೇರವಾಗಿ ಆಕ್ಸಲಿನ ಡಬ್ಬಿಗೆ ಹೋಗುವ ಕೊಳವೆಗೆ ಸೇರಿಸಿದ. ಮಗಳು ಅಂಗಳದಲ್ಲಿ ನಾಲ್ಕಡಿ ಮುಂದೆ, ನಾಲ್ಕಡಿ ಹಿಂದೆ ವಾಹನವನ್ನು ಸರಿಸಿದಳು.

"ಮಿಟುಕ್ತಾ ಇದ್ದು ಅಪ್ಪಾ... ಇನ್ನೂ ಇದ್ದು..." ಎಂದವಳು, ಒಮ್ಮೆಲೆ, "ಇಲ್ಲೆ! ಈಗ ಇಲ್ಲೆ!" ಎಂದು ಕೂಗಿದಳು.

ಲಕ್ಷ ರೂಪಾಯಿಯ ಆಕ್ಸಲಿಗೆ ಏನೂ ಆಗಿರಲಿಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ವಸ್ತು, ಇಪ್ಪತ್ತು ವರ್ಷ ಎಂಜಿನ್ನಿನ ಬಿಸಿಯಲ್ಲಿಯೂ ಮಲೆನಾಡಿನ ತೇವದಲ್ಲಿಯೂ ದುಡಿದು, ಸತ್ತಿತ್ತು. ಅದನ್ನು ಮಾಡಿದವರನ್ನು ದೂರುವಂತಿಲ್ಲ. ಇಪ್ಪತ್ತು ವರ್ಷ ಯಾವ ಆಳು ತಾನೆ ರಜೆ ಇಲ್ಲದೆ ದುಡಿದಾನು?

ಹಾಗಾದರೆ ಈ ಅಡ್ಡದಾರಿಯ ಜೋಡಣೆಯನ್ನೇ ಇಟ್ಟುಕೊಂಡರೇನು ಎಂದು ಹೆಗಡೆಯವರಿಗೆ ತೋರಿದ್ದು ಸಹಜ. ಮೇಸ್ತ್ರಿ ತಲೆಯಾಡಿಸಿದ. ಬ್ರೇಕಿಗೆ ಕಾಲಿಟ್ಟಾಗ ನೆರವಾಗುವ ಶಕ್ತಿಯೂ ಬರುವುದು ಇದೇ ಪಂಪಿನಿಂದ. ಗುಂಡಿಗೆ ಹೊಂದದ ತುಂಡು ಕೊಳವೆ ಕುಲುಕಾಟದಲ್ಲಿ ಕಳಚಿಕೊಂಡರೆ ಗಾಳಿ ಒಳನುಗ್ಗುತ್ತದೆ, ಬ್ರೇಕು ಕಲ್ಲಿನಂತೆ ಗಟ್ಟಿಯಾದೀತು. "ಏರೋದಕ್ಕೆ ಹೋಗಿ ಇಳಿಯೋ ಬ್ರೇಕ್ ಕಳಕೊಳ್ಳಬೇಡಿ ಹೆಗಡೇರೇ," ಎಂದ. ಹೆಗಡೆಯವರಿಗೆ ಅರ್ಥವಾಯಿತು. ಮೇಸ್ತ್ರಿ ಕೊಳವೆಗಳನ್ನು ಬಿಚ್ಚುವ ಮುನ್ನ ಗುರುತಿಗೆಂದು ಬಾಳೆನಾರು ಕೇಳಿ, ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು ಗಂಟು, ಮತ್ತೊಂದಕ್ಕೆ ಮೂರು ಗಂಟು ಹಾಕಿದ. ಸತ್ತ ಸೊಲೆನಾಯ್ಡನ್ನು ಬಿಚ್ಚಿ ಹೆಗಡೆಯವರ ಕೈಗಿಟ್ಟು ಮಳೆಯಲ್ಲಿ ಏರಿ ಹೋದ.

ಹೊಸದು ಎಲ್ಲಿಯೂ ಸಿಗಲಿಲ್ಲ. ಬಂಡೆಯ ಮೇಲೆ ನಿಂತು ಮಾಡಿದ ಹದಿನಾರೋ ಹದಿನೇಳೋ ಕರೆಗಳ ಮೇಲೆ, ಬೆಂಗಳೂರಿನ ಜೆ. ಸಿ. ರಸ್ತೆಯ ಕಡೆಯ ವ್ಯಾಪಾರಿಯೊಬ್ಬ ಒಡೆದ ವಾಹನವೊಂದರಿಂದ ತೆಗೆದದ್ದು ತನ್ನಲ್ಲಿದೆ ಎಂದ. ಅವನ ಪ್ರಶ್ನೆಗಳು ವಧುಪರೀಕ್ಷೆಯವು: ಪ್ಲಗ್ಗಿನ ಬಣ್ಣ ಯಾವುದು? ಒಳಗೆ ಕಡ್ಡಿ ಎಷ್ಟು? ಮೂತಿ ಎರಡೋ ಮೂರೋ? ಮಗಳು ಸತ್ತದ್ದರ ನಾಲ್ಕು ಮಗ್ಗುಲಿನ ಚಿತ್ರ ತೆಗೆದುಕೊಟ್ಟಳು. ತಂದೆ ಬೆಟ್ಟಕ್ಕೆ ಹತ್ತಿ ಕಳುಹಿಸಿದರು. ಅದರ ಜೊತೆಗೆ ಇನ್ನೊಂದು ಮಾತನ್ನೂ ಅವಳು ಹೇಳಿಕೊಟ್ಟಿದ್ದಳು: ಕಳುಹಿಸುವ ಮುನ್ನ ಹನ್ನೆರಡು ವೋಲ್ಟಿನ ಬ್ಯಾಟರಿಗೆ ಹಿಡಿದು ಆ 'ಟಕ್' ಶಬ್ದವನ್ನು ಫೋನಿನಲ್ಲಿ ಕೇಳಿಸಬೇಕು. ವ್ಯಾಪಾರಿ ನಕ್ಕನಂತೆ, ಆದರೂ ಕೇಳಿಸಿದ. ಆ ಸದ್ದು ಕೇಳುವಾಗ ಹೆಗಡೆಯವರು ಕೊಡೆಯನ್ನು ಮುಚ್ಚಿದ್ದರು, ಮಳೆಹನಿ ಕೊಡೆಯ ಮೇಲೆ ಬಿದ್ದು ಗದ್ದಲ ಮಾಡಬಾರದೆಂದು.

ಪೊಟ್ಟಣ ರಾತ್ರಿಯ ಬಸ್ಸಿನಲ್ಲಿ ಶಿರಸಿಗೆ, ಶಿರಸಿಯಿಂದ ಬೆಳಗಿನ ಬಸ್ಸಿನಲ್ಲಿ ಭೈರುಂಬೆಗೆ ಬಂದಿತು. ಆರಿದ್ರಾ ಮಳೆ ಮುಗಿಯಲು ಎರಡು ದಿನ ಉಳಿದಿತ್ತು. ಮೇಸ್ತ್ರಿಗೆ ಜ್ವರ. ಹೆಗಡೆಯವರೇ ಹತ್ತು ನಂಬರಿನ ಪಾನ ಹಿಡಿದು ಬಾನೆಟ್ಟು ಎತ್ತಿದರು.

ಕೆಲಸ ಕಷ್ಟದ್ದಲ್ಲ, ಅವಸರ ಸಲ್ಲದ್ದು. ಮುದಿ ರಬ್ಬರನ್ನು ನೇರವಾಗಿ ಎಳೆದರೆ ಹರಿಯುತ್ತದೆ. ಮೊದಲು ತಿರುಚಿ ಸಡಿಲಿಸಿ ಆಮೇಲೆ ಎಳೆಯಬೇಕು. ಗಡುಸಾಗಿಹೋದ ತುದಿಯನ್ನು ಅರ್ಧ ಅಂಗುಲ ಕತ್ತರಿಸಿ, ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಅದ್ದಿ ಮೆದುಮಾಡಿ ಹೊಸ ಮೂತಿಗೆ ಕೂಡಿಸಬೇಕು. ಇವೆಲ್ಲವನ್ನೂ ಮೇಸ್ತ್ರಿ ಫೋನಿನಲ್ಲಿ ಹೇಳಿದ್ದ. ಆದರೆ ನಡುವಿನ ದಿನಗಳಲ್ಲಿ, ಬ್ಯಾಟರಿ ಇಳಿಯದಿರಲೆಂದು ದಿನಕ್ಕೊಮ್ಮೆ ಎಂಜಿನ್ನು ಓಡಿಸುತ್ತಿದ್ದ ಬಿಸಿಗೆ ಬಾಳೆನಾರು ಒಣಗಿ, ಎರಡು ಗುರುತುಗಳು ಎಲ್ಲಿಯೋ ಉದುರಿಹೋಗಿದ್ದವು. ಹೆಗಡೆಯವರು ಕುಲದೇವರನ್ನು ನೆನೆದು ಒಂದು ರೀತಿಯಲ್ಲಿ ಜೋಡಿಸಿದರು. ಮಗಳು ಸನ್ನೆಗೋಲು ಸರಿಸಿದಳು.

"ಇದ್ದು," ಎಂದಳು. ತುಸು ಹೊತ್ತಿನ ಮೇಲೆ, "ಎರಡು ಚಕ್ರಕ್ಕೆ ಹಾಕಿದರೂ ಇದ್ದು, ನಾಲ್ಕಕ್ಕೆ ಹಾಕಿದರೂ ಇದ್ದು!"

ಹೆಗಡೆಯವರ ಮುಖ ಕಪ್ಪಿಟ್ಟಿತು. ಹೊಸದೂ ಸತ್ತದ್ದೇ ಎಂದುಕೊಂಡರು. ಮಗಳೇ ಯೋಚಿಸಿ ಹೇಳಿದಳು: ಎರಡರಲ್ಲಿಯೂ ಮಿಟುಕುವುದಾದರೆ ಯಂತ್ರ ಕೆಲಸ ಮಾಡುತ್ತಿದೆ, ತಿರುವುಮುರುವಾಗಿ ಮಾಡುತ್ತಿದೆ, ಕೂಡು ಎಂದಾಗ ಬಿಡುತ್ತಿದೆ, ಬಿಡು ಎಂದಾಗ ಕೂಡುತ್ತಿದೆ. ಎರಡು ಕೊಳವೆಗಳನ್ನು ಅದಲುಬದಲು ಮಾಡಿದರು. ಅಂಗಳದಲ್ಲಿ ನಾಲ್ಕಡಿ ಮುಂದೆ, ನಾಲ್ಕಡಿ ಹಿಂದೆ. ಹಸಿರು ದೀಪಗಳು ಎರಡು ಸಲ ಮಿಟುಕಿ, ನಿಂತು ಬೆಳಗಿದವು. ಯಾರೂ ಏನೂ ಹೇಳಲಿಲ್ಲ. ಮನೆಯಾಕೆ ಬಾಗಿಲಿನಿಂದ ನೋಡಿ, ಹೆರಿಗೆಯ ಹೆಣ್ಣುಮಗಳು ಇನ್ನಾದರೂ ಇಳಿಯಲಿ ಎಂದರು.

ದೀಪ ನಿಂತಿತೆಂದು ನಂಬಿ ಕುಳಿತುಕೊಳ್ಳುವ ಮನುಷ್ಯನಾಗಿ ಹೆಗಡೆಯವರು ಉಳಿದಿರಲಿಲ್ಲ. ಮಗಳು ಕೂರಬೇಕಾದ ಹಿಂದಿನ ಆಸನದಲ್ಲಿ ಐವತ್ತು ಕಿಲೋದ ಹಿಂಡಿಯ ಚೀಲವೊಂದನ್ನು ಕೂಡಿಸಿ, ಅದು ಹೊರಳದಂತೆ ಪಟ್ಟಿ ಕಟ್ಟಿ, ಸುರಿಯುವ ಮಳೆಯಲ್ಲಿ ಏರು ಹತ್ತಿದರು. ಹೊನ್ನೆಮರದ ತಿರುವಿನಲ್ಲಿ ಮುಂದಿನ ಚಕ್ರಗಳು ಕೊರಕಲಿನ ಅಂಚನ್ನು ಕಚ್ಚಿ ಹಿಡಿದವು. ವಾಹನ ಒಮ್ಮೆ ನಡುಗಿ ಮೇಲೆದ್ದಿತು. ಮೇಲೆ ಹೋಗಿ ತಿರುಗಿಸಿಕೊಂಡು ಇಳಿದರು. ಮತ್ತೆ ಹತ್ತಿದರು. ಕತ್ತಲಾದ ಮೇಲೆ ಮೂರನೆಯ ಸಲ ಹತ್ತಿದರು, ರಾತ್ರಿಯ ಬೆಳಕಿನಲ್ಲಿ ದಾರಿ ಹೇಗೆ ಕಾಣುತ್ತದೆಂದು ತಿಳಿಯಬೇಕಲ್ಲ. ಮರುದಿನವೂ ಹಿಂಡಿಯ ಚೀಲಕ್ಕೆ ಈ ಯೋಗವಿತ್ತು. ಆಳುಗಳು ನಕ್ಕರು. ಅವರು ಲೆಕ್ಕಿಸಲಿಲ್ಲ.

ಪುಷ್ಯ ಮಳೆಗೆಂದು ಎಣಿಸಿದ್ದ ಹೆರಿಗೆ ಪುನರ್ವಸುವಿನಲ್ಲಿಯೇ ಬಂದಿತು. ರಾತ್ರಿ ಎರಡೂವರೆ ಗಂಟೆ. ವಿದ್ಯುತ್ತು ಹೋಗಿ ಮೂರು ದಿನಗಳಾಗಿದ್ದವು. ಹೆಂಚಿನ ಮೇಲಿನ ಮಳೆಯ ಸದ್ದಿನಲ್ಲಿ ಮಗಳು ಕರೆದದ್ದು ತಾಯಿಗೆ ಎರಡನೆಯ ಸಲಕ್ಕೆ ಕೇಳಿಸಿತು. ಹೆಗಡೆಯವರು ಲಾಟೀನು ಹಿಡಿದು ಅಂಗಳಕ್ಕಿಳಿದಾಗ ಅವರ ಕೈ ನಡುಗುತ್ತಿತ್ತೆಂದು ಮನೆಯಾಕೆ ಆಮೇಲೆ ಹೇಳಿದ್ದುಂಟು, ಅವರು ಒಪ್ಪುವುದಿಲ್ಲ. ಹಿಂಡಿಯ ಚೀಲ ಕುಳಿತಿದ್ದ ಕಡೆ ಕಂಬಳಿ ಹಾಸಿ ಮಗಳನ್ನು ಕೂರಿಸಿದರು. ತಾಯಿ ಪಕ್ಕದಲ್ಲಿ ಕುಳಿತು ಅವಳ ಸೊಂಟವನ್ನು ಆತುಕೊಂಡರು.

ಏರಿನ ಬುಡದಲ್ಲಿ ಹೆಗಡೆಯವರು ಸನ್ನೆಗೋಲು ಸರಿಸಿದರು. ನೋವು ತುಸು ಇಳಿದ ನಡುವಿನ ಬಿಡುವಿನಲ್ಲಿ, ಹಿಂದಿನಿಂದ ಮಗಳ ಧ್ವನಿ ಬಂದಿತು.

"ಮಿಟುಕ್ತಾ ಇದ್ದಾ ಅಪ್ಪಾ?"

ಹೆಗಡೆಯವರು ನೋಡಿದರು. ಉತ್ತರ ಹೇಳುವ ಮುನ್ನ ಮತ್ತೊಮ್ಮೆ ನೋಡಿದರು.

"ಇಲ್ಲೆ," ಎಂದರು.

ಡಾಂಬರು ರಸ್ತೆ ಸಿಕ್ಕಿದ್ದು ಹನ್ನೊಂದು ನಿಮಿಷಗಳ ಮೇಲೆ. ಶಿರಸಿಯ ಆಸ್ಪತ್ರೆಯಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ ಹೆಣ್ಣುಮಗು ಹುಟ್ಟಿತು. ಸುದ್ದಿ ತಿಳಿಸಲೆಂದು ಹೆಗಡೆಯವರು ಮೊದಲು ಅಳಿಯನಿಗೂ, ಆಮೇಲೆ ಮೇಸ್ತ್ರಿಗೂ ಫೋನು ಮಾಡಿದರು. ಮೇಸ್ತ್ರಿ ಎಲ್ಲವನ್ನೂ ಕೇಳಿ, ಬಹಳ ಸಂತೋಷವೆಂದು ಹೇಳಿ, ಕೊಳವೆಯ ಕ್ಲಿಪ್ಪುಗಳು ಸಡಿಲವಾಗಿಲ್ಲವಷ್ಟೆ, ಇಳಿಯುವ ಮುನ್ನ ಒಮ್ಮೆ ಬಾನೆಟ್ಟು ಎತ್ತಿ ನೋಡಿ ಎಂದ.